ಕಡಿಮೆ ಬಾಡಿಗೆಯ ಮನೆ ಹುಡುಕುವ ಬಗೆ: ಶಿವಮೊಗ್ಗದ ಮೀಟರ್ ರೀಡರ್ ಒಬ್ಬನ ಅನುಭವದಿಂದ

ಹದಿನಾಲ್ಕು ವರ್ಷಗಳಿಂದ ಶಿವಮೊಗ್ಗದಲ್ಲಿ ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದಿ ಬಿಲ್ಲು ಕೊಡುವುದು ನನ್ನ ಕೆಲಸ. ಮುಂಬಾಗಿಲಿನಿಂದ ನೋಡಿದ ಮನೆಗೂ ಮೀಟರ್ ಇರುವ ಕಡೆಯಿಂದ ನೋಡಿದ ಮನೆಗೂ ಬಹಳ ವ್ಯತ್ಯಾಸವಿರುತ್ತದೆ. ಮೆಟ್ಟಿಲ ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಪಾಚಿ ಕಟ್ಟಿದ ಓಣಿಯಲ್ಲಿ ನಿಂತಾಗ ಗೋಡೆ ಎಲ್ಲಿ ನೀರು ಕುಡಿದಿದೆ, ಒಂದೇ ಮೀಟರಿಗೆ ಎಷ್ಟು ಮನೆ ಜೋಡಿಸಿದ್ದಾರೆ, ಸಂಪಿನಲ್ಲಿ ನೀರಿದೆಯೇ ಎಂಬುದೆಲ್ಲ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಹೀಗಾಗಿ ಊರಿನ ಕಡೆಯವರು, ನೆಂಟರು, ಜೊತೆ ಕೆಲಸ ಮಾಡುವವರು ಎಲ್ಲರೂ ನನ್ನನ್ನೇ ಕೇಳುತ್ತಾರೆ: "ಒಂದು ಕಡಿಮೆ ಬಾಡಿಗೆಯ ಮನೆ ಇದ್ದರೆ ಹೇಳು ಮಾರಾಯ." ಅವರಿಗೆ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಊರಿನ ಹೆಸರು ಬದಲಾದರೂ ಹುಡುಕುವ ಕ್ರಮ ಹೆಚ್ಚು ಬದಲಾಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಒಂದು ಲೆಕ್ಕ. ಹೊಸನಗರ ತಾಲ್ಲೂಕಿನಲ್ಲಿರುವ ನನ್ನ ಅಕ್ಕನ ಮಗಳು ನರ್ಸಿಂಗ್ ಮುಗಿಸಿ ಇಲ್ಲಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿದಳು. ಸಂಬಳ 16,000 ರೂಪಾಯಿ. ಒಂದು ವರ್ಷ ಒಬ್ಬಳೇ ಇದ್ದು, ಆಮೇಲೆ ತಾಯಿಯನ್ನೂ ಕರೆಸಿಕೊಳ್ಳಬೇಕೆಂದು ಮನೆ ಹುಡುಕತೊಡಗಿದಳು. ಅವಳ ಮುಂದೆ ಎರಡು ಮನೆಗಳಿದ್ದವು. ಒಂದು ಊರ ಹೊರಗಿನ ಹೊಸ ಲೇಔಟಿನಲ್ಲಿ: ಬಾಡಿಗೆ 4,500, ಅಡ್ವಾನ್ಸ್ 50,000. ಇನ್ನೊಂದು ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ: ಬಾಡಿಗೆ 5,500, ಅಡ್ವಾನ್ಸ್ 30,000. "ಸಾವಿರ ರೂಪಾಯಿ ಉಳಿಯುತ್ತದಲ್ಲ ಮಾವ" ಎಂದು ಮೊದಲನೆಯದನ್ನೇ ಹಿಡಿದು ಕೂತಿದ್ದಳು.

ನಾನು ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ಅಡ್ವಾನ್ಸಿನ ಹಣ ಅವಳ ಕೈಯಲ್ಲಿರಲಿಲ್ಲ, ಎರಡು ರೂಪಾಯಿ ಬಡ್ಡಿಗೆ ತರಬೇಕಿತ್ತು. 50,000ಕ್ಕೆ ತಿಂಗಳಿಗೆ 1,000 ಬಡ್ಡಿ. ಬಸ್ಸಿಗೆ ಹೋಗಿಬರಲು ದಿನಕ್ಕೆ 30 ಎಂದರೆ 26 ದಿನಕ್ಕೆ 780. ಅಲ್ಲಿ ಬೋರ್ ನೀರು ಮಾತ್ರ, ಆದ್ದರಿಂದ ಕುಡಿಯುವ ನೀರಿನ ಕ್ಯಾನಿಗೆ 300. ಮೋಟರಿನ ಕರೆಂಟಿನಲ್ಲಿ ಪಾಲು 250. ಒಟ್ಟು 6,830. ಎರಡನೆಯ ಮನೆಗೆ ಬಾಡಿಗೆ 5,500, ಬಡ್ಡಿ 600, ನೀರಿಗೆ 150. ಒಟ್ಟು 6,250. ರಾತ್ರಿ ಪಾಳಿ ಮುಗಿಸಿ ಆಟೋದಲ್ಲಿ ಬರುವ ಖರ್ಚನ್ನು ನಾನು ಸೇರಿಸಿಯೇ ಇರಲಿಲ್ಲ. ಮಾಲೀಕರು ಬಾಯಲ್ಲಿ ಹೇಳುವ ಅಂಕಿ ಬಾಡಿಗೆಯ ಒಂದು ಭಾಗ ಮಾತ್ರ. ಅಡ್ವಾನ್ಸಿನ ಬಡ್ಡಿ, ನೀರು, ಕರೆಂಟು, ಓಡಾಟ ಇವನ್ನು ಕೂಡಿಸಿದ ಮೇಲೆ ಬರುವುದೇ ನಿಜವಾದ ಬಾಡಿಗೆ. ಅದು ಸಂಬಳದ ಮೂರನೇ ಒಂದು ಭಾಗವನ್ನು ದಾಟಿದರೆ ತಿಂಗಳ ಕೊನೆಯ ವಾರ ಕೈಸಾಲದಲ್ಲಿ ಕಳೆಯಬೇಕಾಗುತ್ತದೆ. ಇವಳಿಗೆ ಎರಡೂ ಮನೆಗಳು ಆ ಗೆರೆಯನ್ನು ದಾಟುತ್ತಿದ್ದವು. ಆದ್ದರಿಂದ ಮತ್ತೆ ಹುಡುಕಿದೆವು. ಅದನ್ನು ಮುಂದೆ ಹೇಳುತ್ತೇನೆ.

ಬಸ್ಸಿನ ಮಾತು ಬಂತಲ್ಲ, ಹೆಣ್ಣುಮಕ್ಕಳು ಒಂದು ವಿಷಯ ಗಮನಿಸಬೇಕು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಮಾತ್ರ. ನಮ್ಮ ಮಲೆನಾಡಿನ ಅನೇಕ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ದೂರದ ಮನೆ ಹಿಡಿಯುವ ಮುನ್ನ ಆ ದಾರಿಯಲ್ಲಿ ಯಾವ ಬಸ್ಸು, ಎಷ್ಟು ಗಂಟೆಯವರೆಗೆ ಓಡುತ್ತದೆ ಎಂದು ನಿಲ್ದಾಣದಲ್ಲೇ ನಿಂತು ನೋಡಿ.

ಈಗ ಸರ್ಕಾರದ ನೆರವಿನ ವಸತಿಯ ವಿಚಾರ. ಖಾಸಗಿ ಮನೆ ಹುಡುಕಲು ಹೊರಡುವ ಮೊದಲೇ ನಿಮಗೆ ಇದರಲ್ಲಿ ಯಾವುದಾದರೂ ಸಲ್ಲುತ್ತದೆಯೇ ಎಂದು ಕೇಳಿಕೊಳ್ಳಿ. ಬಹಳ ಜನ ಇಲ್ಲಿ ಎಡವುತ್ತಾರೆ. "ಸರ್ಕಾರದ ಬಾಡಿಗೆ ಮನೆ ಎಲ್ಲಿ ಕೊಡುತ್ತಾರೆ" ಎಂದು ಮಹಾನಗರ ಪಾಲಿಕೆಗೆ ಹೋಗಿ ಕೇಳುತ್ತಾರೆ. ಗೋವಿಂದಾಪುರ, ಗೋಪಿಶೆಟ್ಟಿಕೊಪ್ಪದಲ್ಲಿ ಕಟ್ಟಿದ ಆಶ್ರಯ ಮನೆಗಳು ಸ್ವಂತಕ್ಕೆ ಹಂಚುವಂಥವು, ಬಾಡಿಗೆಗಲ್ಲ. ಹಂಚಿಕೆಯಾದವರು ಅದನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವುದು ನಿಯಮಕ್ಕೆ ವಿರುದ್ಧ. ಯಾರಾದರೂ "ಆಶ್ರಯ ಮನೆ ಕಡಿಮೆಗೆ ಕೊಡಿಸುತ್ತೇನೆ" ಎಂದು ಅಡ್ವಾನ್ಸ್ ಕೇಳಿದರೆ ಕೊಡಬೇಡಿ. ತಪಾಸಣೆ ಬಂದ ದಿನ ಬೀದಿಗೆ ಬೀಳುವವರು ನೀವು.

ನಮ್ಮ ಊರುಗಳಲ್ಲಿ ಬಾಡಿಗೆಯ ನೆರವು ಸಿಗುವುದು ಬೇರೆ ಬೇರೆ ಬಾಗಿಲುಗಳಲ್ಲಿ, ನೀವು ಯಾರು ಎಂಬುದರ ಮೇಲೆ. ವಿದ್ಯಾರ್ಥಿಯಾದರೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿವೆ. ಊಟ, ವಸತಿ ಎರಡೂ ಉಚಿತ. ಕಾಲೇಜಿಗೆ ಸೇರಿದ ಕೂಡಲೇ ರಾಜ್ಯ ಹಾಸ್ಟೆಲ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲೇ ಕೈಯಲ್ಲಿರಬೇಕು. ಪ್ರಮಾಣಪತ್ರಕ್ಕೆಂದು ನಾಡಕಚೇರಿಗೆ ಓಡಾಡುವಷ್ಟರಲ್ಲಿ ಅರ್ಜಿಯ ದಿನ ಮುಗಿದುಹೋದ ಹುಡುಗರನ್ನು ನಾನೇ ನೋಡಿದ್ದೇನೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಿದೆ. ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ಊಟ ಮತ್ತು ವಸತಿಗೆಂದು ಕೊಡುತ್ತಿದ್ದರು. ನಾಲ್ವರು ಹುಡುಗರು ಸೇರಿ ಒಂದು ಮನೆ ಹಿಡಿದರೆ ಅಷ್ಟರಲ್ಲಿ ಬಾಡಿಗೆಯ ದೊಡ್ಡ ಪಾಲು ಕಳೆಯುತ್ತದೆ. ಇವಲ್ಲದೆ ಮಠಗಳು, ಬೇರೆ ಬೇರೆ ಸಮಾಜದವರು ನಡೆಸುವ ವಿದ್ಯಾರ್ಥಿನಿಲಯಗಳೂ ಜಿಲ್ಲಾ ಕೇಂದ್ರಗಳಲ್ಲಿ ಇರುತ್ತವೆ. ಇವುಗಳ ಜಾಹೀರಾತು ಪತ್ರಿಕೆಯಲ್ಲಿ ಕಾಣುವುದು ಕಡಿಮೆ, ಹೋಗಿಯೇ ಕೇಳಬೇಕು.

ದುಡಿಯುವ ಹೆಣ್ಣುಮಕ್ಕಳಿಗೆ ಕೇಂದ್ರದ ಸಖಿ ನಿವಾಸ ಯೋಜನೆಯ ಹಾಸ್ಟೆಲುಗಳಿವೆ. ಇದರ ಹಳೆಯ ಹೆಸರು ಉದ್ಯೋಗಸ್ಥ ಮಹಿಳೆಯರ ವಸತಿ ನಿಲಯ. ಮಹಾನಗರಗಳಲ್ಲಿ ತಿಂಗಳ ಒಟ್ಟು ಸಂಬಳ 50,000, ಬೇರೆ ಊರುಗಳಲ್ಲಿ 35,000 ರೂಪಾಯಿ ಮೀರದವರಿಗೆ ಇಲ್ಲಿ ಜಾಗ. ಬಾಡಿಗೆಯನ್ನು ಸಂಬಳಕ್ಕೆ ಕಟ್ಟಿಹಾಕಿರುವುದು ಇದರ ದೊಡ್ಡ ಗುಣ: ಒಬ್ಬರ ಕೊಠಡಿಗೆ ಸಂಬಳದ ಶೇಕಡಾ 15, ಇಬ್ಬರ ಕೊಠಡಿಗೆ ಶೇಕಡಾ 10, ಹಲವರು ಮಲಗುವ ಕೋಣೆಗೆ ಶೇಕಡಾ ಏಳೂವರೆ, ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಊಟದ ಖರ್ಚು ಬೇರೆ. ನನ್ನ ಅಕ್ಕನ ಮಗಳ ಸಂಬಳಕ್ಕೆ ಇಬ್ಬರ ಕೊಠಡಿ 1,600 ರೂಪಾಯಿಗೆ ಬರುತ್ತದೆ. ಖಾಸಗಿ ಪಿಜಿಯಲ್ಲಿ ಆ ಹಣಕ್ಕೆ ಮಂಚವೂ ಸಿಗುವುದಿಲ್ಲ. ನಿಮ್ಮ ಜಿಲ್ಲೆಯಲ್ಲಿ ಇಂಥ ಹಾಸ್ಟೆಲ್ ಎಲ್ಲಿದೆ, ಜಾಗ ಖಾಲಿ ಇದೆಯೇ ಎಂದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರ ಕಚೇರಿಯಲ್ಲಿ ಕೇಳಿ. ತುಂಬಿದೆ ಎಂದರೆ ಹೆಸರು ಬರೆಸಿ ಬನ್ನಿ. ಮದುವೆಯಾಗಿಯೋ ವರ್ಗಾವಣೆಯಾಗಿಯೋ ಹೊರಡುವವರು ಇದ್ದೇ ಇರುತ್ತಾರೆ.

ಕಟ್ಟಡ ಕಾರ್ಮಿಕರಾಗಿದ್ದರೆ ಕಲ್ಯಾಣ ಮಂಡಳಿಯ ಕಾರ್ಡು ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ, ವಲಸೆ ಕಾರ್ಮಿಕರ ತಂಗುದಾಣದ ಬಗ್ಗೆ ವಿಚಾರಿಸಿ. ಪೊಲೀಸ್, ಆರೋಗ್ಯ ಮುಂತಾದ ಇಲಾಖೆಗಳ ಕಾಯಂ ನೌಕರರಾದರೆ ವಸತಿಗೃಹಕ್ಕೆ ಅರ್ಜಿ ಹಾಕುವುದನ್ನು ಮುಂದೂಡಬೇಡಿ. ಇನ್ನು, 2024ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಕೈಗೆಟುಕುವ ಬಾಡಿಗೆ ವಸತಿಗೆಂದೇ ಒಂದು ವಿಭಾಗವಿದೆ. ದುಡಿಯುವ ಮಹಿಳೆಯರು, ಕಾರ್ಖಾನೆ ಕಾರ್ಮಿಕರು, ವಲಸೆ ಬಂದವರು, ವಿದ್ಯಾರ್ಥಿಗಳು ಅದರ ಪಟ್ಟಿಯಲ್ಲಿದ್ದಾರೆ. ಇದಕ್ಕೂ ಮುಂಚೆ, 2020ರ ಯೋಜನೆಯಲ್ಲಿ, ಚಂಡೀಗಢ ಮತ್ತು ಸೂರತ್‌ನಲ್ಲಿ ಸರ್ಕಾರ ಕಟ್ಟಿಸಿ ಖಾಲಿ ಬಿದ್ದಿದ್ದ ಮನೆಗಳನ್ನು ಬಾಡಿಗೆಗೆ ಕೊಡಲಾಯಿತು. ನಮ್ಮಲ್ಲೂ ವಾರ್ಡಿನ ಪ್ರತಿನಿಧಿಗಳನ್ನು, ಪಾಲಿಕೆಯ ಆಯುಕ್ತರನ್ನು ಇದನ್ನು ಕೇಳುತ್ತಲೇ ಇರಬೇಕು ಎಂಬುದು ನನ್ನ ದೃಢವಾದ ಮಾತು. ದುಡಿಯಲು ಊರಿಗೆ ಬರುವವರಿಗೆ ಮಲಗಲು ಜಾಗ ತೋರಿಸುವುದು ಊರಿನ ಹೊಣೆ. ಇಂದು ರಾತ್ರಿಗೇ ಜಾಗವಿಲ್ಲ ಎಂಬ ಸ್ಥಿತಿಯಲ್ಲಿದ್ದರೆ ನಗರಾಡಳಿತ ನಡೆಸುವ ವಸತಿರಹಿತರ ಆಶ್ರಯ ಕೇಂದ್ರ ಎಲ್ಲಿದೆ ಎಂದು ಪಾಲಿಕೆಯಲ್ಲಿ ಕೇಳಿ. ಅಲ್ಲಿ ತಂಗುವುದಕ್ಕೆ ಸಂಕೋಚ ಪಡಬೇಕಾಗಿಲ್ಲ.

ಇವ್ಯಾವುದೂ ಸಲ್ಲದಿದ್ದರೆ, ಅಥವಾ ಸರದಿ ಬರುವವರೆಗೆ, ಖಾಸಗಿ ಮನೆಯೇ ಗತಿ. ಅದಕ್ಕೆ ಮೊಬೈಲಿಗಿಂತ ಕಾಲು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕಡಿಮೆ ಬಾಡಿಗೆಯ ಮನೆಗಳನ್ನು ಯಾರೂ ಆ್ಯಪಿನಲ್ಲಿ ಹಾಕುವುದಿಲ್ಲ. ದೊಡ್ಡ ಮನೆಯ ಹಿಂದಿನ ಔಟ್‌ಹೌಸ್, ಹಳೆಯ ಹಂಚಿನ ವಠಾರದಲ್ಲಿ ಎರಡು ಕೋಣೆ, ಮಕ್ಕಳು ಬೆಂಗಳೂರು ಸೇರಿದ ಮೇಲೆ ಮುದುಕರಿಬ್ಬರೇ ಉಳಿದ ಮನೆಯ ಮಹಡಿ: ಇವು ಬಾಯಿಂದ ಬಾಯಿಗೆ ಹೋಗುತ್ತವೆ, ಬೋರ್ಡು ಕೂಡ ಬೀಳುವುದಿಲ್ಲ. ಕೇಳಬೇಕಾದವರು ಕಿರಾಣಿ ಅಂಗಡಿಯವರು, ಬೆಳಿಗ್ಗೆ ಹಾಲು ಹಾಕುವವರು, ಪೇಪರ್ ಹಾಕುವ ಹುಡುಗರು, ಬಟ್ಟೆ ಇಸ್ತ್ರಿ ಮಾಡುವವರು, ಮನೆಗೆಲಸಕ್ಕೆ ಹೋಗುವ ಹೆಂಗಸರು. ಯಾವ ಮನೆಯಲ್ಲಿ ಹಾಲು ನಿಂತಿದೆ ಎಂಬುದು ಹಾಲಿನವರಿಗೆ ಬ್ರೋಕರನಿಗಿಂತ ವಾರ ಮೊದಲೇ ಗೊತ್ತಿರುತ್ತದೆ. ಬ್ರೋಕರ್ ಮೂಲಕ ಹೋದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕಮಿಷನ್ ಕೇಳುತ್ತಾರೆ. ಮನೆ ಗಟ್ಟಿಯಾದ ಮೇಲೆ ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿ, ತೋರಿಸಿದ್ದಕ್ಕೆಲ್ಲ ಕೊಡಬೇಡಿ.

ಮೊಬೈಲಿನಲ್ಲಿ ಫೋಟೊ ನೋಡಿ, "ನಾನು ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಟೋಕನ್ ಹಣ ಕಳಿಸಿದರೆ ಕೀಲಿ ಕೊಡಿಸುತ್ತೇನೆ" ಎಂಬ ಮಾತು ಕೇಳಿದರೆ ಅಲ್ಲಿಗೇ ಬಿಡಿ. ಮನೆಯೊಳಗೆ ಕಾಲಿಡದೆ ಒಂದು ರೂಪಾಯಿಯನ್ನೂ ಕಳಿಸಬಾರದು. "ಹಣ ವಾಪಸ್ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ" ಎಂದರೂ ನಂಬಬೇಡಿ: ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಅಗತ್ಯ ಎಂದಿಗೂ ಇಲ್ಲ.

ಯಾವಾಗ ಹುಡುಕಬೇಕು? ಆಷಾಢದಲ್ಲಿ ಹುಡುಕಿ. ನಮ್ಮಲ್ಲಿ ಆಷಾಢ ಮಾಸದಲ್ಲಿ ಹೊಸ ಮನೆಗೆ ಹಾಲು ಉಕ್ಕಿಸುವವರು ಕಡಿಮೆ. ಜ್ಯೇಷ್ಠದಲ್ಲಿ ಖಾಲಿಯಾದ ಮನೆ ಶ್ರಾವಣದವರೆಗೆ ಖಾಲಿಯೇ ಇರುತ್ತದೆ, ಮಾಲೀಕರಿಗೆ ಒಂದು ತಿಂಗಳ ಬಾಡಿಗೆ ಹೋಗುತ್ತದೆ. ಆಗ ಹೋಗಿ "ಈಗಲೇ ಅಡ್ವಾನ್ಸಿನಲ್ಲಿ ಸ್ವಲ್ಪ ಕೊಡುತ್ತೇವೆ, ಬಾಡಿಗೆಯಲ್ಲಿ ಐನೂರು ಬಿಡಿ" ಎಂದರೆ ಕೇಳುವ ಕಿವಿ ಇರುತ್ತದೆ. ನಿಮಗೆ ಆಷಾಢದ ನಂಬಿಕೆ ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಅದೇ ತಿಂಗಳು ಸೇರಿಕೊಳ್ಳಬಹುದು. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಮಲೆನಾಡಿನಲ್ಲಿ ಆಷಾಢವೆಂದರೆ ಜಡಿಮಳೆ. ಮಳೆಯಲ್ಲಿ ನೋಡಿದ ಮನೆ ಸುಳ್ಳು ಹೇಳುವುದಿಲ್ಲ. ಬೇಸಿಗೆಯಲ್ಲಿ ಸುಣ್ಣ ಬಳಿದು ಮುಚ್ಚಿಟ್ಟ ಕಲೆಗಳೆಲ್ಲ ಜುಲೈನಲ್ಲಿ ಮೇಲೆದ್ದಿರುತ್ತವೆ. ಕಪಾಟಿನ ಬಾಗಿಲು ತೆರೆದು ಒಳಗಿನ ವಾಸನೆ ನೋಡಿ. ಮುಗ್ಗಲು ನಾತವಿದ್ದರೆ ಗೋಡೆ ನೀರು ಕುಡಿದಿದೆ ಎಂದರ್ಥ. ಮಕ್ಕಳಿಗೂ ವಯಸ್ಸಾದವರಿಗೂ ಅಲ್ಲಿ ಕೆಮ್ಮು ಬಿಡುವುದಿಲ್ಲ, ಬಾಡಿಗೆಯಲ್ಲಿ ಉಳಿಸಿದ್ದು ಔಷಧಿ ಅಂಗಡಿಗೆ ಹೋಗುತ್ತದೆ. ಹಾಗೆಯೇ ಶೀಟಿನ ಮನೆಯನ್ನು ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ನೋಡಿ ತೀರ್ಮಾನಿಸಿ.

ಹೊಳೆಯ ಹತ್ತಿರದ ತಗ್ಗಿನ ಕೇರಿಗಳಲ್ಲಿ ಬಾಡಿಗೆ ಕಡಿಮೆ ಇರುವುದಕ್ಕೆ ಕಾರಣವಿದೆ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿದಾಗ ಕುಂಬಾರಗುಂಡಿ, ಇಮಾಂಬಾಡಾ ಕಡೆಯ ಮನೆಗಳಿಗೆ ನೀರು ನುಗ್ಗಿತು. ಆ ವಾರ ಮೀಟರ್ ಓದಲು ಹೋದಾಗ ಜನ ಹಾಸಿಗೆಗಳನ್ನು ಬೀದಿಯಲ್ಲಿ ಒಣಗಲು ಹಾಕಿದ್ದರು, ಮೀಟರ್ ಬೋರ್ಡಿನ ಮರದ ಮೇಲೆ ಕೆಸರಿನ ಗೆರೆ ಎದೆಯ ಎತ್ತರಕ್ಕಿತ್ತು. ಅಂಥ ಕಡೆ ಮನೆ ಹಿಡಿಯಲೇಬಾರದು ಎಂದು ನಾನು ಹೇಳುವುದಿಲ್ಲ, ಎಷ್ಟೋ ಒಳ್ಳೆಯ ಸಂಸಾರಗಳು ಅಲ್ಲಿ ಬದುಕುತ್ತಿವೆ. ಆದರೆ ಅಕ್ಕಪಕ್ಕದವರನ್ನು "ಮಂಟಪ ಮುಳುಗಿದಾಗ ಇಲ್ಲಿ ನೀರು ಎಲ್ಲಿವರೆಗೆ ಬರುತ್ತದೆ" ಎಂದು ಕೇಳಿ. ಮಂಟಪ ಎಂದರೆ ಹೊಳೆಯ ನಡುವಿನ ಕಲ್ಲುಮಂಟಪ. ಊರಿನವರು ಪ್ರವಾಹವನ್ನು ಅಳೆಯುವುದು ಅದರಿಂದಲೇ. ದಾಖಲೆ, ಬಟ್ಟೆ, ಅಕ್ಕಿ ಎತ್ತಿಡಲು ಅಟ್ಟವಿದೆಯೇ ನೋಡಿಕೊಳ್ಳಿ.

ಕೊನೆಗೆ ಅಕ್ಕನ ಮಗಳಿಗೆ ಸಿಕ್ಕಿದ ಮನೆಯನ್ನು ಹೇಳಿದ್ದು ಇಸ್ತ್ರಿ ಅಂಗಡಿಯವರು. ದುರ್ಗಿಗುಡಿಯ ಹತ್ತಿರ ಒಂದು ಹಳೆಯ ಮನೆಯ ಹಿಂಭಾಗ: ಒಂದು ಕೋಣೆ, ಅಡುಗೆಮನೆ, ಹೊರಗೆ ಬಚ್ಚಲು. ಮನೆಯ ಯಜಮಾನಿ ಎಪ್ಪತ್ತು ದಾಟಿದ ಅಜ್ಜಿ. ಬಾಗಿಲಲ್ಲಿ ನಿಲ್ಲಿಸಿಕೊಂಡೇ ಮಾತಾಡಿಸಿದರು.

"ಎಷ್ಟು ಜನ?"

"ಇಬ್ಬರೇ ಅಮ್ಮಾ. ತಾಯಿ, ಮಗಳು."

"ಬಾಡಿಗೆ 4,800. ಅಡ್ವಾನ್ಸ್ 30,000. ಕರೆಂಟು ನಮ್ಮ ಬಿಲ್ಲಿನಲ್ಲೇ ಬರುತ್ತದೆ, ಅರ್ಧ ಅರ್ಧ ಹಾಕಿಕೊಳ್ಳುವುದು."

ಮೀಟರ್ ತೋರಿಸಿ ಎಂದು ಕೇಳಿದೆ. ಅಡುಗೆಮನೆಯ ಹೊರಗೋಡೆಯಲ್ಲಿ ಎರಡು ಮೀಟರ್‌ಗಳಿದ್ದವು, ಎರಡಕ್ಕೂ ಪ್ರತ್ಯೇಕ ಆರ್‌ಆರ್ ಸಂಖ್ಯೆ, ಅಂದರೆ ಬಿಲ್ಲಿನ ಮೇಲೆ ಬರುವ ಸಂಪರ್ಕ ಸಂಖ್ಯೆ. ಹಿಂದಿನ ಭಾಗಕ್ಕೆ ಬೇರೆ ಮೀಟರ್ ಇದೆ ಎಂಬುದೇ ಅಜ್ಜಿಗೆ ಮರೆತುಹೋಗಿತ್ತು. ಯಜಮಾನರು ಬದುಕಿದ್ದಾಗ ಹಾಕಿಸಿದ್ದಂತೆ. ನಾನು ಹಿಂದಿನ ಭಾಗದ ದೀಪ, ಫ್ಯಾನ್ ಎಲ್ಲವನ್ನೂ ಆರಿಸಿಸಿ ಆ ಮೀಟರಿನ ಮುಂದೆ ನಿಂತೆ. ಈಗಿನ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಒಂದು ಚಿಕ್ಕ ಕೆಂಪು ದೀಪವಿರುತ್ತದೆ. ಕರೆಂಟು ಓಡುತ್ತಿದ್ದಂತೆ ಅದು ಮಿನುಗುತ್ತದೆ. ಬಹಳಷ್ಟು ಮೀಟರುಗಳ ಮುಖದ ಮೇಲೆ 3200 ಎಂದು ಬರೆದಿರುತ್ತಾರೆ. ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ನಿಮ್ಮ ಭಾಗದ ಎಲ್ಲ ಸ್ವಿಚ್ಚು ಆರಿಸಿದ ಮೇಲೆ ಆ ಮಿನುಗು ನಿಲ್ಲಬೇಕು. ಇಲ್ಲಿ ನಿಲ್ಲಲಿಲ್ಲ. ಬಿಟ್ಟು ಬಿಟ್ಟು ಮಿನುಗುತ್ತಲೇ ಇತ್ತು. ವೈರಿನ ಜಾಡು ಹಿಡಿದು ಹೋದರೆ ಅಜ್ಜಿಯ ಫ್ರಿಜ್ಜು ಆ ಮೀಟರಿಗೆ ಸೇರಿತ್ತು. ಅವರಿಗೂ ತಿಳಿದಿರಲಿಲ್ಲ. ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆಸಿ ಅರ್ಧ ಗಂಟೆಯಲ್ಲಿ ಬದಲಿಸಿದೆವು. ಅಜ್ಜಿ ಅಡ್ವಾನ್ಸನ್ನು 20,000ಕ್ಕೆ ಇಳಿಸಿದರು. "ಲೆಕ್ಕ ನೋಡುವವರು ಬಂದರೆ ನನಗೂ ಒಳ್ಳೆಯದು" ಎಂದರು. ಬಡ್ಡಿ 400, ನೀರಿಗೆ 100 ಸೇರಿ ಒಟ್ಟು 5,300. ಸಂಬಳದ ಮೂರನೇ ಒಂದರೊಳಗೆ ಬಂತು.

ಈ ಮಿನುಗಿನ ಪರೀಕ್ಷೆಯನ್ನು ಯಾರು ಬೇಕಾದರೂ ಎರಡು ನಿಮಿಷದಲ್ಲಿ ಮಾಡಬಹುದು. ನಿಮ್ಮ ಮೀಟರಿನ ಮೇಲೆ ಸಂಪಿನ ಮೋಟರು, ಮೆಟ್ಟಿಲ ದೀಪ, ಪಕ್ಕದ ಮನೆಯ ಗೀಸರ್ ಓಡುತ್ತಿದ್ದರೆ ಇದರಿಂದ ಗೊತ್ತಾಗುತ್ತದೆ. ಪ್ರತ್ಯೇಕ ಆರ್‌ಆರ್ ಸಂಖ್ಯೆ ಇರುವ ಮನೆಯನ್ನೇ ಹುಡುಕಿ ಎಂದು ನಾನು ಒತ್ತಿ ಹೇಳುವುದಕ್ಕೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯೇ ಕಾರಣ. ಬಾಡಿಗೆದಾರರಿಗೂ ಈ ಯೋಜನೆ ಸಲ್ಲುತ್ತದೆ. ನಿಮ್ಮ ಆಧಾರನ್ನು ಆ ಮನೆಯ ಸಂಪರ್ಕ ಸಂಖ್ಯೆಗೆ ಜೋಡಿಸಿ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ನೋಂದಾಯಿಸಬೇಕು, ಅಲ್ಲಿ ವಾಸವಿರುವುದಕ್ಕೆ ಕರಾರುಪತ್ರದಂಥ ದಾಖಲೆ ಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಒಂದೇ ಮೀಟರಿನಡಿ ಸಬ್ ಮೀಟರ್ ಹಾಕಿ ಮೂರು ಸಂಸಾರ ಇದ್ದರೆ ಮೂವರ ಬಳಕೆಯೂ ಕೂಡಿ 200 ಸುಲಭವಾಗಿ ದಾಟುತ್ತದೆ. ಹಿತಮಿತವಾಗಿ ಬಳಸುವವರೂ ದುಡ್ಡು ತೆರುತ್ತಾರೆ. ಇನ್ನೊಂದು: ಅಂಗಡಿಗೆಂದು ಕೊಟ್ಟ ವಾಣಿಜ್ಯ ಸಂಪರ್ಕದ ಮನೆಯಾದರೆ ಯೋಜನೆ ಸಿಗುವುದೇ ಇಲ್ಲ, ದರವೂ ಹೆಚ್ಚು. ಹಳೆಯ ಬಿಲ್ಲು ಒಂದನ್ನು ಕೇಳಿ ತೆಗೆದುಕೊಂಡು ಜಕಾತಿಯ (ಅಂದರೆ ದರದ) ವರ್ಗ ಯಾವುದು, ಬಾಕಿ ಎಷ್ಟಿದೆ ಎಂದು ಓದಿ. ಹಳೆಯ ಬಾಕಿ ಇರುವ ಮನೆಗೆ ಹೋದರೆ ಫ್ಯೂಸ್ ತೆಗೆಯಲು ಬಂದಾಗ ಕತ್ತಲಲ್ಲಿ ಕೂರುವವರು ನೀವು.

ನೀರಿನ ಬಗ್ಗೆ ಮಾಲೀಕರನ್ನಲ್ಲ, ಪಕ್ಕದ ಮನೆಯ ಬಾಡಿಗೆದಾರರನ್ನು ಕೇಳಿ. ಪಾಲಿಕೆಯ ನೀರು ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ, ಮಾರ್ಚ್ ಕೊನೆಯಲ್ಲಿ ಬೋರ್ ಏನಾಗುತ್ತದೆ ಎಂದು ಅವರೇ ಸರಿಯಾಗಿ ಹೇಳುತ್ತಾರೆ.

ನೋವಿನ ಮಾತೊಂದನ್ನು ಬಿಡಲಾರೆ. ಮನೆ ತೋರಿಸುವ ಮೊದಲೇ "ನಿಮ್ಮದು ಯಾವ ಜನ?" ಎಂದು ಕೇಳುವವರಿದ್ದಾರೆ. ಮಾಂಸಾಹಾರಿಗಳಿಗೆ ಇಲ್ಲ, ಮುಸಲ್ಮಾನರಿಗೆ ಇಲ್ಲ, ದಲಿತರಿಗೆ ಇಲ್ಲ, ಗಂಡನಿಲ್ಲದ ಹೆಂಗಸಿಗೆ ಇಲ್ಲ ಎಂದು ಬಾಗಿಲು ಹಾಕುವವರಿದ್ದಾರೆ. ಅಕ್ಕನ ಮಗಳಿಗೂ ಒಂದು ಕಡೆ "ರಾತ್ರಿ ಪಾಳಿಯ ಹುಡುಗಿಯರಿಗೆ ಕೊಡುವುದಿಲ್ಲ" ಎಂದರು. ರಾತ್ರಿಯೆಲ್ಲ ರೋಗಿಗಳ ಪಕ್ಕದಲ್ಲಿ ನಿಂತು ಬರುವ ಹುಡುಗಿಗೆ ಆಡುವ ಮಾತೇ ಅದು? ಇದು ತಪ್ಪು, ನಾಚಿಕೆಗೇಡು. ಆದರೂ ಸುಳ್ಳು ಹೇಳಿ ಒಳಗೆ ಸೇರಬೇಡಿ ಎನ್ನುತ್ತೇನೆ. ಸಾಮಾನು ಇಳಿಸಿದ ಮೇಲೆ ಶುರುವಾಗುವ ಕಿರುಕುಳ ಇನ್ನೂ ಕಷ್ಟ. ಎಲ್ಲ ಬಗೆಯ ಜನ ಬೆರೆತಿರುವ ಬಡಾವಣೆಗಳಲ್ಲಿ, ಕಾಲೇಜು ಆಸ್ಪತ್ರೆಗಳ ಸುತ್ತಿನ ಬೀದಿಗಳಲ್ಲಿ ಹುಡುಕಿ. ನಿಮ್ಮ ಜೊತೆ ಕೆಲಸ ಮಾಡುವವರಲ್ಲಿ ಯಾರಾದರೂ ಈಗಾಗಲೇ ಬಾಡಿಗೆಗಿರುವ ಮಾಲೀಕರ ಬಳಿ ಮೊದಲು ಹೋಗಿ. ಒಬ್ಬರು ಹೇಳುವ ಒಳ್ಳೆಯ ಮಾತು ಹತ್ತು ಬಾಗಿಲು ತೆರೆಸುತ್ತದೆ.

ಮನೆ ಒಪ್ಪಿಗೆಯಾಯಿತು ಎಂದುಕೊಳ್ಳೋಣ. ಈಗ ಕಾಗದ. ನನ್ನ ಮೊದಲ ಬಾಡಿಗೆ ಮನೆಗೆ ಕರಾರುಪತ್ರವಿರಲಿಲ್ಲ, ಬಾಯಿಮಾತಿನಲ್ಲಿ 25,000 ಕೈಗೆ ಕೊಟ್ಟಿದ್ದೆ. ಬಿಡುವಾಗ ಪೇಂಟಿಂಗ್, ಒಡೆದ ಹಂಚು, ನಲ್ಲಿ ಎಂದು ಮುರಿದುಕೊಂಡು 11,000 ಕೊಟ್ಟರು. ಆ ಹಂಚು ನಾವು ಬರುವ ಮೊದಲೇ ಒಡೆದಿತ್ತು, ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ನೀವು ಹಾಗೆ ಮಾಡಬೇಡಿ. ಇ-ಸ್ಟ್ಯಾಂಪ್ ಕಾಗದದ ಮೇಲೆ ಕರಾರು ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಒಂದು ಪ್ರತಿ ನಿಮ್ಮಲ್ಲಿರಲಿ. ಹನ್ನೊಂದು ತಿಂಗಳಿಗೆ ಬರೆಯುವುದು ವಾಡಿಕೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಲೇಬೇಕು ಎಂಬುದೇ ಅದಕ್ಕೆ ಕಾರಣ. ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕೊಡಿ. ಕರಾರಿನಲ್ಲಿ ಬಾಡಿಗೆ, ಅಡ್ವಾನ್ಸ್, ವರ್ಷಕ್ಕೆ ಎಷ್ಟು ಹೆಚ್ಚಳ, ನೀರಿನ ಹಣ ಯಾರದು, ಬಿಡಲು ಎಷ್ಟು ತಿಂಗಳ ಮುನ್ಸೂಚನೆ, ಪೇಂಟಿಂಗಿಗೆ ಹಿಡಿಯುವುದಾದರೆ ಎಷ್ಟು ಎಂಬುದೆಲ್ಲ ಅಂಕಿಯಲ್ಲಿರಲಿ. "ವಾಡಿಕೆಯಂತೆ" ಎಂಬ ಪದ ಬಂದಲ್ಲೆಲ್ಲ ಅಂಕಿ ಬರೆಸಿ. ಸೇರುವ ದಿನದ ಮೀಟರ್ ಅಂಕಿಯನ್ನೂ ಬರೆಸಿ, ಪ್ರತಿ ಗೋಡೆಯ ಫೋಟೊ ತೆಗೆದು ಮಾಲೀಕರಿಗೇ ವಾಟ್ಸ್ಆ್ಯಪ್ ಮಾಡಿ.

ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಎಂದು ಎಲ್ಲೋ ಓದಿ ಬಂದು ವಾದಿಸುವವರಿದ್ದಾರೆ. ಅದು 2021ರಲ್ಲಿ ಕೇಂದ್ರ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯ ಮಾತು. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡರಷ್ಟೇ ಮಾಲೀಕರ ಮೇಲೆ ಬಲ ಬರುತ್ತದೆ. ಆದ್ದರಿಂದ ಚೌಕಾಸಿಯೇ ದಾರಿ. ಬಾಡಿಗೆಯಲ್ಲಿ ಇನ್ನೂರು ಹೆಚ್ಚು ಕೊಟ್ಟು ಅಡ್ವಾನ್ಸ್ ಇಳಿಸಿಕೊಳ್ಳುವುದು ಸಾಲ ತರುವವರಿಗೆ ಅನೇಕ ಸಲ ಲಾಭ. 20,000 ಇಳಿದರೆ ತಿಂಗಳಿಗೆ 400 ಬಡ್ಡಿ ಉಳಿಯುತ್ತದೆ.

ಭೋಗ್ಯಕ್ಕೆ, ಅಂದರೆ ಲೀಸಿಗೆ, ನಾಲ್ಕೈದು ಲಕ್ಷ ಕೊಟ್ಟು ಬಾಡಿಗೆಯೇ ಇಲ್ಲದೆ ಇರಬಹುದು ಎಂದು ಆಸೆಪಡುವವರಿಗೆ ಎರಡು ಮಾತು. ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕರು ಕಟ್ಟದಿದ್ದರೆ ಮನೆ ಹರಾಜಿಗೆ ಹೋಗುತ್ತದೆ, ನಿಮ್ಮ ಹಣಕ್ಕೆ ಕೋರ್ಟು ಅಲೆಯಬೇಕಾಗುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ. ಅದರಲ್ಲಿ ಕಾಣದ ಸಾಲವೂ ಇರಬಹುದಾದ್ದರಿಂದ ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಿ. ಮೂಲಪತ್ರ ಬ್ಯಾಂಕಿನಲ್ಲಿದೆ ಎಂದರೆ ಬಿಟ್ಟುಬಿಡಿ. ಕರಾರನ್ನು ನೋಂದಾಯಿಸದೆ ಹಣ ಕೊಡಬೇಡಿ. ಊರಿನಲ್ಲಿ ಅಡಿಕೆ ಮಾರಿದ ಹಣವನ್ನೆಲ್ಲ ಹೀಗೆ ಕಳೆದುಕೊಂಡ ಸಂಸಾರವನ್ನು ಹತ್ತಿರದಿಂದ ನೋಡಿದ್ದೇನೆ.

ಮಧ್ಯದಲ್ಲಿ ಜಗಳವಾಗಿ "ನಾಳೆಯೇ ಖಾಲಿ ಮಾಡಿ" ಎಂದರೆ ಹೆದರಬೇಡಿ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಗೆ ಕನಿಷ್ಠ 15 ದಿನಗಳ ನೋಟಿಸು ಕೊಡಬೇಕೆಂದು ಕಾನೂನೇ ಹೇಳುತ್ತದೆ. ಬಲವಂತವಾಗಿ ಸಾಮಾನು ಹೊರಗೆಸೆಯುವ ಹಕ್ಕು ಮಾಲೀಕರಿಗಿಲ್ಲ, ನ್ಯಾಯಾಲಯದ ಮೂಲಕವೇ ಬಿಡಿಸಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ನ್ಯಾಯಾಲಯದ ಆವರಣದಲ್ಲಿ ಇರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಮನೆ ಬದಲಾದ ಮಾತ್ರಕ್ಕೆ ಪಡಿತರಕ್ಕಾಗಿ ಊರಿಗೆ ಓಡಬೇಕಾಗಿಲ್ಲ, ಅದೇ ಕಾರ್ಡಿನಲ್ಲಿ ಹತ್ತಿರದ ನ್ಯಾಯಬೆಲೆ ಅಂಗಡಿಯಲ್ಲಿ ತೆಗೆದುಕೊಳ್ಳಬಹುದು. ಮನೆ ಬಿಡುವಾಗ ಮಾತ್ರ ಒಂದು ಕೆಲಸವನ್ನು ಮರೆಯಬೇಡಿ. ಗೃಹಜ್ಯೋತಿಯಲ್ಲಿ ನಿಮ್ಮ ಆಧಾರನ್ನು ಹಳೆಯ ಮೀಟರಿನಿಂದ ಬಿಡಿಸಿ. ಸೇವಾಸಿಂಧುವಿನಲ್ಲೇ ಅದಕ್ಕೆ ಅವಕಾಶವಿದೆ. ಬಿಡಿಸದಿದ್ದರೆ ಹೊಸ ಮನೆಯಲ್ಲಿ ನಿಮಗೂ ಸಿಗುವುದಿಲ್ಲ, ಹಳೆಯ ಮನೆಗೆ ಬರುವವರಿಗೂ ತೊಡಕು. ಕೊನೆಯ ಬಿಲ್ಲು ಕಟ್ಟಿ, ಮಾಲೀಕರನ್ನು ಮೀಟರಿನ ಮುಂದೆ ನಿಲ್ಲಿಸಿಕೊಂಡು ಅಂಕಿಯ ಫೋಟೊ ತೆಗೆದು, ಅಡ್ವಾನ್ಸಿನ ಹಣ ಖಾತೆಗೆ ಬಂದ ಸಂದೇಶ ನೋಡಿದ ಮೇಲೆ ಕೀಲಿ ಕೈಗೆ ಕೊಡಿ.